ಸುದ್ದಿ ಕೇಳುವವರೇ, ಮೊದಲು ಬೀಗ ಕೊಡಿ

"ನಿಮ್ಮೂರಿನ ಅಕ್ರಮದ ಬಗ್ಗೆ ನಮಗೆ ಬರೆಯಿರಿ, ಹೆಸರು ಗೋಪ್ಯವಾಗಿಡಲಾಗುವುದು." ಪತ್ರಿಕೆಗಳಲ್ಲಿ ಈ ಸಾಲನ್ನು ನೀವೂ ಓದಿರುತ್ತೀರಿ. ಕೆಳಗೆ ಒಂದು ಇಮೇಲ್ ವಿಳಾಸ ಇರುತ್ತದೆ. ಆ ಗೋಪ್ಯ ಎಷ್ಟು ಗಟ್ಟಿ ಎಂಬುದನ್ನು ಒಳಗಿನವರಾದ ನಾವೇ ಹೇಳಬೇಕು: ಏನೇನೂ ಗಟ್ಟಿಯಿಲ್ಲ.

ಕೆಲವು ವರ್ಷಗಳ ಹಿಂದೆ ನಾವು ಸುದ್ದಿ ಕಳಿಸುವ ಬ್ಯೂರೋಗೆ ಒಂದು ಮೇಲ್ ಬಂತು. ಉದ್ಯೋಗ ಖಾತ್ರಿಯಲ್ಲಿ ಸತ್ತವರ ಹೆಸರಿಗೂ ಕೂಲಿ ಬರೆದ ಹಾಜರಿ ಪಟ್ಟಿಯ ಫೋಟೊ ಅದರಲ್ಲಿತ್ತು. ಕಳಿಸಿದವರ ಮೇಲ್ ವಿಳಾಸದಲ್ಲಿ ಹೆಸರಿರಲಿಲ್ಲ. ಆದರೆ ನಮ್ಮನ್ನು ನಂಬಿ ಪತ್ರದೊಳಗೆ ಹೆಸರು, ಊರು, ಫೋನ್ ನಂಬರ್ ಎಲ್ಲ ಬರೆದಿದ್ದರು. ಬ್ಯೂರೋ ಮೇಲ್‌ನ ಪಾಸ್‌ವರ್ಡ್ ಆಪರೇಟರ್‌ನಿಂದ ಹಿಡಿದು ಜಾಹೀರಾತು ಏಜೆಂಟರವರೆಗೆ ಎಲ್ಲರಿಗೂ ಗೊತ್ತಿತ್ತು. ಸುದ್ದಿ ಅಚ್ಚಾಗುವ ಮೊದಲೇ ಪಟ್ಟಿ ಬರೆದವರ ಕಡೆಯವರು ಆ ಮನುಷ್ಯನ ಮನೆ ಬಾಗಿಲಲ್ಲಿದ್ದರು. ಅವರು ಮತ್ತೆ ನಮಗೆ ಬರೆದಿಲ್ಲ. ತಪ್ಪು ಅವರದ್ದಲ್ಲ, ನಮ್ಮದು.

ಇದಕ್ಕೆ ಪರಿಹಾರ ಹಳೆಯದು. ಅಮೆರಿಕದ ಫಿಲ್ ಜಿಮ್ಮರ್‌ಮನ್ ಪಿಜಿಪಿ ಎಂಬ ತಂತ್ರಾಂಶ ಕೊಟ್ಟಿದ್ದು 1991ರಲ್ಲಿ. ಪತ್ರಕರ್ತ ತನ್ನ ಬೀಗಗಳನ್ನು ತೆರೆದು ಊರಿಗೆಲ್ಲ ಹಂಚುತ್ತಾನೆ ಎಂದುಕೊಳ್ಳಿ. ಬೀಗ ಒತ್ತಿ ಹಾಕಲು ಯಾರಿಗಾದರೂ ಆಗುತ್ತದೆ, ತೆರೆಯುವ ಕೈ ಮಾತ್ರ ಅವನ ಹತ್ತಿರವೇ ಇರುತ್ತದೆ. ಆ ಬೀಗವೇ ಪಬ್ಲಿಕ್ ಕೀ. ಬೀಗ ಬಿದ್ದ ಪತ್ರ ಆಪರೇಟರ್‌ಗೂ ಮೇಲ್ ಕಂಪನಿಗೂ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ಬೀಗ ಸಿಗುವ ಜಾಗವೇ ಕೀ ಸರ್ವರ್. ಹಿಂದಿನ ಟೆಲಿಫೋನ್ ಡೈರೆಕ್ಟರಿ ಇದ್ದ ಹಾಗೆ. ಮೇಲ್ ವಿಳಾಸ ಹಾಕಿ ಹುಡುಕಿದರಾಯಿತು. ಆಂಡ್ರಾಯ್ಡ್ ಫೋನಿನಲ್ಲಿ ಓಪನ್‌ಕೀಚೈನ್ ಎಂಬ ಉಚಿತ ಆಪ್ ಈ ಕೆಲಸ ಮಾಡುತ್ತದೆ. ಕಂಪ್ಯೂಟರಿನ ಥಂಡರ್‌ಬರ್ಡ್‌ನಲ್ಲಿ 2020ರಿಂದ ಇದು ಒಳಗೇ ಇದೆ.

ಆದರೆ ಸಿಕ್ಕ ಬೀಗವನ್ನೆಲ್ಲ ನಂಬಬೇಡಿ. ಹಳೆಯ ಸರ್ವರ್‌ಗಳು ಯಾರನ್ನೂ "ನೀನು ಯಾರು" ಎಂದು ಕೇಳುತ್ತಿರಲಿಲ್ಲ. ಯಾರ ಹೆಸರಲ್ಲಿ ಯಾರು ಬೇಕಾದರೂ ಕೀ ಹಾಕಬಹುದಿತ್ತು, ಹಾಕಿದ್ದನ್ನು ಅಳಿಸುವಂತಿರಲಿಲ್ಲ. 2019ರಲ್ಲಿ ಕಿಡಿಗೇಡಿಗಳು ಈ ಕ್ಷೇತ್ರದ ಇಬ್ಬರು ಪರಿಣತರ ಕೀಗಳಿಗೆ ಸಾವಿರಾರು ಸುಳ್ಳು ಸಹಿ ತುಂಬಿ ಅವುಗಳನ್ನು ಬಳಸಲಾಗದಂತೆ ಮಾಡಿದರು. ಅದೇ ವರ್ಷ ಶುರುವಾದ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಸರ್ವರ್, ಆ ವಿಳಾಸಕ್ಕೆ ಮೇಲ್ ಕಳಿಸಿ ಒಪ್ಪಿಗೆ ಪಡೆದ ನಂತರವೇ ವಿಳಾಸದಿಂದ ಹುಡುಕಿದವರಿಗೆ ಕೀ ತೋರಿಸುತ್ತದೆ. ಅಷ್ಟೇ ಸಾಕೇ? ನಮ್ಮ ಬ್ಯೂರೋ ಕಥೆ ನೆನಪಿಸಿಕೊಳ್ಳಿ. ಪಾಸ್‌ವರ್ಡ್ ಗೊತ್ತಿದ್ದ ಯಾರಾದರೂ ಆ ಒಪ್ಪಿಗೆ ಒತ್ತಿ ತಮ್ಮದೇ ಬೀಗ ನೇತುಹಾಕಬಹುದಿತ್ತು!

ಅದಕ್ಕೇ ಪ್ರತಿ ಕೀಗೂ ಫಿಂಗರ್‌ಪ್ರಿಂಟ್ ಇರುತ್ತದೆ, ಸಾಮಾನ್ಯವಾಗಿ 40 ಅಕ್ಷರ-ಅಂಕಿಗಳು. ಅದನ್ನು ಸರ್ವರ್ ಬಿಟ್ಟು ಬೇರೆ ದಾರಿಯಲ್ಲಿ ತಾಳೆ ನೋಡಬೇಕು: ಮುಖತಃ, ಫೋನಿನಲ್ಲಿ, ಇಲ್ಲವೇ ಅಚ್ಚಿನಲ್ಲಿ. ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಲಾರಾ ಪಾಯ್ಟ್ರಸ್ ಅವರನ್ನು ಸಂಪರ್ಕಿಸುವಾಗ ಮಾಡಿದ್ದೂ ಇದನ್ನೇ. ಪತ್ರಕರ್ತ ಮೈಕಾ ಲೀ ಅವರಿಂದ ಲಾರಾ ಕೀಯ ಫಿಂಗರ್‌ಪ್ರಿಂಟನ್ನು ಟ್ವಿಟರ್‌ನಲ್ಲಿ ಹಾಕಿಸಿ ತಾಳೆ ನೋಡಿಕೊಂಡರು.

ನಮ್ಮ ಪ್ರಶ್ನೆ ಪತ್ರಿಕೆಗಳಿಗೆ. ದಿನಭವಿಷ್ಯಕ್ಕೆ, ಚಿನ್ನದ ದರಕ್ಕೆ ಜಾಗವಿದೆ. ಮೇಲ್ ವಿಳಾಸದ ಕೆಳಗೆ 40 ಅಕ್ಷರಕ್ಕೆ ಇಲ್ಲವೇ? ಒಂದು ಸಾಲಿನ ಖರ್ಚು ಉಳಿಸಿ ಓದುಗನ ತಲೆ ಒತ್ತೆ ಇಡುತ್ತಿದ್ದೀರಿ.

"ಹಳ್ಳಿಯವರಿಗೆ ಇದೆಲ್ಲ ಯಾಕೆ?" ಎನ್ನುತ್ತಾರೆ ಡೆಸ್ಕಿನವರು. ಯುಪಿಐ ಪಿನ್ ಯಾರಿಗೂ ಹೇಳಬಾರದು ಎಂಬುದು ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೂ ಗೊತ್ತು. ಪಟ್ಟಣದಲ್ಲಿ ಹೆಸರು ಬಯಲಾದರೆ ಬಾಡಿಗೆ ಮನೆ ಬದಲಿಸಬಹುದು. ಹಳ್ಳಿಯಲ್ಲಿ ಹೊಲ ಬಿಟ್ಟು ಎಲ್ಲಿಗೆ ಹೋಗುವುದು?

"ವಾಟ್ಸಾಪ್ ಇದೆಯಲ್ಲ?" ಇದೆ, ಆದರೆ ಅದು ನಿಮ್ಮ ಫೋನ್ ನಂಬರನ್ನೇ ಮುಂದಿಡುತ್ತದೆ. ಪಿಜಿಪಿಯೂ ಎಲ್ಲವನ್ನೂ ಮುಚ್ಚುವುದಿಲ್ಲ. ಯಾರು ಯಾರಿಗೆ ಕಳಿಸಿದರು ಎಂಬುದು ಕಾಣುತ್ತದೆ, ವಿಷಯದ ಸಾಲೂ ಸಾಮಾನ್ಯವಾಗಿ ಬಯಲಾಗಿಯೇ ಇರುತ್ತದೆ. ಅಲ್ಲಿ "ಹಾಜರಿ ಪಟ್ಟಿ ಅಕ್ರಮ" ಎಂದು ಬರೆಯಬೇಡಿ, "ನಮಸ್ಕಾರ" ಎಂದಷ್ಟೇ ಬರೆಯಿರಿ.

ಆ ಘಟನೆಯ ನಂತರ ನಾವು ಪ್ರತ್ಯೇಕ ಮೇಲ್ ವಿಳಾಸ ಮಾಡಿಕೊಂಡು, ಅದರ ಕೀಯನ್ನು ಸರ್ವರ್‌ಗೆ ಹಾಕಿ, ವಿಸಿಟಿಂಗ್ ಕಾರ್ಡಿನ ಹಿಂದೆ ಫಿಂಗರ್‌ಪ್ರಿಂಟ್ ಅಚ್ಚು ಹಾಕಿಸಿದೆವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವರು ನಾವು. ನೀವು ಹಾಗಾಗಬೇಡಿ. ಮುಂದೆ ಯಾವ ವರದಿಗಾರ ಬಂದು "ದಾಖಲೆ ಕಳಿಸಿ" ಎಂದರೂ ಮೊದಲು ಕೇಳಿ: "ನಿಮ್ಮ ಕೀ ಎಲ್ಲಿದೆ, ಫಿಂಗರ್‌ಪ್ರಿಂಟ್ ಏನು?" ಅವನು ಕಣ್ಣು ಕಣ್ಣು ಬಿಟ್ಟರೆ ದಾಖಲೆ ನಿಮ್ಮ ಹತ್ತಿರವೇ ಇರಲಿ.