ಸ್ಪ್ಯಾನಿಷ್ ಕಾದಂಬರಿಗೆ ಸುರಪುರದ ದಾರಿ

ಯಾವ ಸ್ಪ್ಯಾನಿಷ್ ಕಾದಂಬರಿ ಓದಲಿ ಎಂದು ಕೇಳಿದರೆ ಸಿಗುವ ಹೆಸರುಗಳು ಹೆಚ್ಚುಕಡಿಮೆ ಅವೇ: ಗಾರ್ಸಿಯಾ ಮಾರ್ಕೆಸ್, ಇಸಬೆಲ್ ಅಯೆಂದೆ, ಬೊಲಾನ್ಯೊ. ದೊಡ್ಡ ಲೇಖಕರೇ, ಸಂಶಯವಿಲ್ಲ. ಆದರೆ ಈ ಪಟ್ಟಿ ಕುದುರಿದ್ದು ಲಂಡನ್, ನ್ಯೂಯಾರ್ಕಿನ ಓದುಗರ ಕುತೂಹಲಕ್ಕೆ ತಕ್ಕಂತೆ. ಯಾದಗಿರಿಯಲ್ಲೋ ಶಹಾಪುರದಲ್ಲೋ ಸುರಪುರದಲ್ಲೋ ಕೂತು ಇಂಗ್ಲಿಷ್ ಅನುವಾದ ಕೈಗೆತ್ತಿಕೊಳ್ಳುವವರು ಅದನ್ನು ಅದೇ ಕ್ರಮದಲ್ಲಿ ಒಪ್ಪಬೇಕಿಲ್ಲ ಎಂಬುದು ನನ್ನ ವಾದ. ನಮ್ಮ ನೆಲದ ಅನುಭವವನ್ನೇ ಒರೆಗಲ್ಲು ಮಾಡಿಕೊಂಡರೆ ಮೊದಲು ಓದಬೇಕಾದ ಪುಸ್ತಕಗಳು ಬೇರೆಯೇ ಆಗುತ್ತವೆ.

ಇದಕ್ಕೆ ಎದುರಾಗುವ ಆಕ್ಷೇಪಣೆ ಒಂದಿದೆ. ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ಬಂದದ್ದನ್ನು ನಾವು ಓದುವುದೆಂದರೆ ಮೂಲದಿಂದ ದೂರವೇ ಉಳಿದಂತಲ್ಲವೇ? ಈ ಪ್ರಶ್ನೆಗೆ ಉತ್ತರ ಸುರಪುರದ ಚರಿತ್ರೆಯಲ್ಲೇ ಇದೆ. ಸುರಪುರದ ನಾಯಕರ ಕಥೆ ಹೊರಜಗತ್ತಿಗೆ ತಿಳಿದದ್ದು ಬಹುಮಟ್ಟಿಗೆ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್‌ನ ಇಂಗ್ಲಿಷಿನಿಂದ. ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ, 1841ರಿಂದ 1853ರವರೆಗೆ, ಸಂಸ್ಥಾನದ ಆಡಳಿತ ಟೇಲರ್‌ನ ಕೈಯಲ್ಲಿತ್ತು. ಹುಡುಗ ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ. 1858ರಲ್ಲಿ ಬಂಡೆದ್ದು ಸೆರೆಸಿಕ್ಕ ರಾಜ ಸೆರೆವಾಸಕ್ಕೆ ಸಾಗಿಸುವ ದಾರಿಯಲ್ಲೇ ಗುಂಡೇಟಿನಿಂದ ತೀರಿಕೊಂಡ. ರಾಜ ಇಪ್ಪತ್ನಾಲ್ಕು ತುಂಬುವವರೆಗೆ ಬದುಕುವುದಿಲ್ಲ ಎಂದು ಜೋಯಿಸರು ಹುಟ್ಟಿದಾಗಲೇ ಹೇಳಿದ್ದರಂತೆ. ಟೇಲರ್ ಸತ್ತ ಮೇಲೆ 1877ರಲ್ಲಿ ಅಚ್ಚಾದ ಆತ್ಮಕಥೆಯಲ್ಲಿ ಇದೆಲ್ಲ ಇದೆ.

ಆ ಪುಸ್ತಕ ಯಾವುದರ ಅನುವಾದವೂ ಅಲ್ಲ. ಬರೆದವನು ಹುಡುಗನನ್ನು ಪ್ರೀತಿಸಿದ್ದೂ ನಿಜ. ಆದರೂ ಅಲ್ಲಿ ಸುರಪುರ ತನ್ನ ಬಾಯಿಂದ ಮಾತಾಡುವುದಿಲ್ಲ. ರಾಜನ ಮಾತು, ರಾಣಿಯ ಮಾತು, ಬೇಡರ ಸಿಟ್ಟು ಎಲ್ಲವೂ ಆಳಲು ಬಂದ ಅಧಿಕಾರಿಯ ಕಿವಿಗೆ ಬಿದ್ದಷ್ಟೇ. ಹಾಗಾಗಿ ಭಾಷೆ ಎಷ್ಟು ಸಲ ಬದಲಾಯಿತು ಎನ್ನುವುದಕ್ಕಿಂತ ಕಥೆ ಹೇಳಿದವರು ಊರೊಳಗಿನವರೋ ಹೊರಗಿನವರೋ ಎನ್ನುವುದೇ ಮುಖ್ಯ. ಒಳಗಿನವರು ಬರೆದದ್ದು ಅನುವಾದದಲ್ಲಿ ಒಂದಿಷ್ಟು ಸೊಗಸು ಕಳೆದುಕೊಂಡರೂ ಬರೆದವರು ನಿಂತ ಜಾಗವನ್ನು ಕಳೆದುಕೊಳ್ಳುವುದಿಲ್ಲ. ನಿಂತ ಜಾಗವೇ ಹೊರಗಿನದಾದರೆ ಮೂಲ ಭಾಷೆಯಲ್ಲಿ ಓದಿದರೂ ಆ ಕೊರತೆ ತುಂಬುವುದಿಲ್ಲ.

ಈ ಒರೆಗಲ್ಲಿನಲ್ಲಿ ನೋಡಿದರೆ ಮೊದಲ ಹೆಸರು ಮೆಕ್ಸಿಕೊದ ಹುವಾನ್ ರುಲ್ಫೊ. 1955ರ ‘ಪೆದ್ರೊ ಪಾರಾಮೊ’ ತೆಳ್ಳಗಿನ ಪುಸ್ತಕ. ಸಾಯುವ ತಾಯಿಗೆ ಮಾತು ಕೊಟ್ಟ ಮಗ ಕಂಡರಿಯದ ಅಪ್ಪನನ್ನು ಹುಡುಕಿಕೊಂಡು ಕೊಮಾಲಾ ಎಂಬ ಊರಿಗೆ ಬರುತ್ತಾನೆ. ಮನೆಗಳಿವೆ, ಜನರಿಲ್ಲ, ಕೇಳಿಸುವುದೆಲ್ಲ ಸತ್ತವರ ಮಾತು. ಹಿಂಗಾರು ಕೈಕೊಟ್ಟ ವರ್ಷ ಗುಳೆ ಹೋದವರ ಊರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಗ ಜಡಿದ ಬಾಗಿಲು, ಕಟ್ಟೆಯ ಮೇಲೆ ಮುದುಕರು, ಬೆಂಗಳೂರು, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೋದ ಮಕ್ಕಳ ಸುದ್ದಿ. ವಿಮರ್ಶಕರು ‘ಮಾಂತ್ರಿಕ ವಾಸ್ತವ’ ಎಂದು ಕರೆದದ್ದು ನಮ್ಮಲ್ಲಿ ಬೇಸಿಗೆಯ ಒಂದು ಮಧ್ಯಾಹ್ನ.

ಅದರಲ್ಲೊಂದು ಘಟನೆ ಇಡೀ ಕಾದಂಬರಿಯ ತೂಕ ಹೊತ್ತಿದೆ. ಊರ ಧಣಿ ಪೆದ್ರೊ ಪಾರಾಮೊ ಬದುಕೆಲ್ಲ ಬಯಸಿದ ಹೆಣ್ಣು ಸುಸಾನಾ ಸಾಯುತ್ತಾಳೆ. ಚರ್ಚಿನ ಗಂಟೆಗಳು ಹಗಲು ರಾತ್ರಿ ಬಾರಿಸುತ್ತಲೇ ಇರುತ್ತವೆ. ಸದ್ದು ಕೇಳಿದ ಸುತ್ತಲಿನ ಹಳ್ಳಿಯವರು ಏನೋ ಹಬ್ಬವಿರಬೇಕೆಂದು ಬರುತ್ತಾರೆ, ಬಾಜಾದವರು ಬರುತ್ತಾರೆ, ಸರ್ಕಸ್ಸೂ ಬರುತ್ತದೆ. ಸೂತಕದ ಊರು ಜಾತ್ರೆಯ ಊರಾಗುತ್ತದೆ. ಧಣಿಗೆ ಅದನ್ನು ಸಹಿಸಲಾಗುವುದಿಲ್ಲ. ಅವನು ಯಾರನ್ನೂ ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಸುಮ್ಮನೆ ಕೈಕಟ್ಟಿ ಕೂರುತ್ತಾನೆ. ಹೊಲ ಬೀಳುಬೀಳುತ್ತದೆ, ಊರು ಹಸಿವಿನಿಂದ ಸಾಯುತ್ತದೆ. ಭೂಮಿಯೆಲ್ಲ ಒಬ್ಬನ ಕೈಯಲ್ಲಿದ್ದರೆ ಅವನ ಒಂದು ಮುನಿಸೂ ಬರಗಾಲವಾಗಬಲ್ಲದು ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಪುಸ್ತಕವನ್ನು ನಾನು ಬೇರೆ ಕಂಡಿಲ್ಲ.

ಎರಡನೆಯದು ಪೆರುವಿನ ಹೊಸೆ ಮರಿಯಾ ಅರ್ಗೇದಸ್ 1958ರಲ್ಲಿ ಬರೆದ ಕಾದಂಬರಿ. ಫ್ರಾನ್ಸೆಸ್ ಬಾರಕ್ಲಾ ಅವರ ಇಂಗ್ಲಿಷಿನಲ್ಲಿ ‘ಡೀಪ್ ರಿವರ್ಸ್’. ಮನೆಯಾಳುಗಳ ನಡುವೆ ಕೆಚುವಾ ಮಾತಾಡುತ್ತ ಬೆಳೆದ ಅರ್ಗೇದಸ್ ಬರೆದದ್ದು ಸ್ಪ್ಯಾನಿಷಿನಲ್ಲಿ, ಆದರೆ ಆ ಸ್ಪ್ಯಾನಿಷಿನ ತಳದಲ್ಲಿ ಕೆಚುವಾ ಹರಿಯುತ್ತಿರುತ್ತದೆ. ಕಾದಂಬರಿಯ ಆರಂಭದಲ್ಲೇ ಹುಡುಗನೊಬ್ಬ ಕುಸ್ಕೊ ನಗರದಲ್ಲಿ ಇಂಕಾ ಕಾಲದ ಗೋಡೆ ಮುಟ್ಟಿ, ಆ ಕಲ್ಲುಗಳು ಅಲುಗುತ್ತಿವೆ, ಮಾತಾಡುತ್ತಿವೆ ಎಂದು ಅಪ್ಪನಿಗೆ ಹೇಳುತ್ತಾನೆ. ರಾಜನಕೋಳೂರಿನ ಬೃಹತ್ ಶಿಲಾ ಗೋರಿಗಳ ನಡುವೆ ಆಡಿದ ಮಕ್ಕಳು ಈ ಪುಟವನ್ನು ಬೇರೆಯವರಿಗಿಂತ ಹತ್ತಿರದಿಂದ ಓದಬಲ್ಲರು. ಮನೆಯಲ್ಲೊಂದು ಮಾತು, ಕಚೇರಿಯಲ್ಲಿ ಇನ್ನೊಂದು ಎಂಬ ಇಬ್ಬಂದಿಯೂ ನಮಗೆ ಹೊಸದಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಸೀಮೆಯಲ್ಲಿ ಶಾಲೆ, ಕಚೇರಿಗಳ ಭಾಷೆ ಉರ್ದು. ಇವತ್ತಿಗೂ ಗಡಿಯೂರುಗಳಲ್ಲಿ ತೆಲುಗು ಕನ್ನಡದ ಜೊತೆಗೇ ನಡೆಯುತ್ತದೆ.

ಪರಾಗ್ವೆಯ ರೋವಾ ಬಾಸ್ತೋಸ್‌ನ ‘ಐ ದ ಸುಪ್ರೀಂ’ ಕಷ್ಟದ ಪುಸ್ತಕ, ಅದನ್ನು ಅವಸರದಲ್ಲಿ ಓದಬಾರದು. ಸರ್ವಾಧಿಕಾರಿ ಹೇಳುತ್ತಾನೆ, ಗುಮಾಸ್ತ ಬರೆದುಕೊಳ್ಳುತ್ತಾನೆ, ಅಂಚಿನಲ್ಲಿ ಗುರುತಿಲ್ಲದ ಕೈಯೊಂದು ಟಿಪ್ಪಣಿ ಸೇರಿಸುತ್ತದೆ. ಯಾರ ಮಾತನ್ನು ಯಾರು ಬರೆದಿಟ್ಟರು ಎಂಬ ಈ ಆಟ ಟೇಲರ್‌ನನ್ನು ಓದಿದವರಿಗೆ ಬೇಗ ಹಿಡಿಸುತ್ತದೆ. ಮಾರ್ಕೆಸ್ ಆಮೇಲೆ ಬರಲಿ. ಮುಂಚೆಯೇ ಎಲ್ಲರಿಗೂ ಗೊತ್ತಿದ್ದ ಸಾವಿನ ಬಗ್ಗೆ ಅವನು ಬರೆದ ಸಣ್ಣ ಕಾದಂಬರಿಯಿಂದ ಶುರುಮಾಡಬಹುದು.

ಇಷ್ಟು ಹೇಳಿದ ಮೇಲೆ ಒಂದು ತೊಡಕು ಉಳಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಕಾದಂಬರಿ ಸಲೀಸಲ್ಲ. ಕನ್ನಡಕ್ಕೆ ಬಂದಿರುವುದನ್ನು ಕನ್ನಡದಲ್ಲೇ ಓದುವುದು ಸರಿ. ರುಲ್ಫೊನನ್ನು ಓ.ಎಲ್. ನಾಗಭೂಷಣ ಸ್ವಾಮಿ ಕನ್ನಡಕ್ಕೆ ತಂದಿದ್ದಾರೆ, ಮಾರ್ಕೆಸ್‌ನ ಮಹಾಕಾದಂಬರಿಯನ್ನು ಎ.ಎನ್. ಪ್ರಸನ್ನ ತಂದಿದ್ದಾರೆ. ಕನ್ನಡದ ರುಲ್ಫೊನನ್ನು ಮುಗಿಸಿ ಇಂಗ್ಲಿಷಿನ ರುಲ್ಫೊನಿಗೆ ಹೋದರೆ ದಾರಿ ಅರ್ಧ ಸವೆದಂತೆ. ಇಂಗ್ಲಿಷಿನಲ್ಲಿ ‘ಪೆದ್ರೊ ಪಾರಾಮೊ’ 1959, 1994, 2023ರಲ್ಲಿ ಮೂರು ಅನುವಾದಗಳಾಗಿ ಬಂದಿದೆ. ಒಂದು ತೊಡಕೆನಿಸಿದರೆ ಇನ್ನೊಂದನ್ನು ತೆಗೆದುಕೊಳ್ಳಬಹುದು. ವಾಕ್ಯಗಳು ಮೂಲದಲ್ಲೇ ಚಿಕ್ಕವು. ನಮ್ಮ ಕಾಲೇಜುಗಳ ಗ್ರಂಥಾಲಯಗಳು ಪರೀಕ್ಷೆಯ ಗೈಡುಗಳ ಪಕ್ಕದಲ್ಲಿ ಇದರ ಒಂದೊಂದು ಪ್ರತಿ ಇಡಲಿ.