ಡ್ರೈವನ್ನು ದೂಷಿಸುವ ಮುನ್ನ

ವಡಗೇರಾದ ಹೊರವಲಯದ ಒಂದು ಜೋಳದ ಹೊಲ. ತೆನೆ ಕಟ್ಟಿದ ಬೆಳೆಯ ಮೇಲೆ ದಾರ ಎಳೆದು ಅದಕ್ಕೆ ಹತ್ತಿಪ್ಪತ್ತು ಸಿ.ಡಿ.ಗಳನ್ನು ತೂಗುಬಿಟ್ಟಿದ್ದರು. ಗಾಳಿಗೆ ತಿರುಗುತ್ತ, ಬಿಸಿಲಿಗೆ ಹೊಳೆಯುತ್ತ ಹಕ್ಕಿಗಳನ್ನು ಬೆದರಿಸುವುದು ಅವುಗಳ ಕೆಲಸ. ಎಲ್ಲಿಂದ ತಂದಿರೆಂದು ಕೇಳಿದರೆ ಹೊಲದ ಯಜಮಾನರು ನಕ್ಕು, “ಕಂಪ್ಯೂಟರ್ ಅಂಗಡ್ಯಾಗ ಬರ್ನ್ ಮಾಡಾಕ ಹೋಗಿ ಕೆಟ್ಟವು ರೀ, ಕೇಳಿದಷ್ಟು ಕೊಡ್ತಾರ” ಎಂದರು.

ಅದೇ ಅಂಗಡಿಗೆ ನಾವು ಹೋಗಬೇಕಾಗಿತ್ತು. ಕೃಷ್ಣೆಯ ದಡದಲ್ಲಿ ನಡೆಯುವ ಮರಳು ಎತ್ತುವಳಿಯ ಬಗ್ಗೆ ಗ್ರಾಮಸ್ಥರು ನೀಡಿದ ಹೇಳಿಕೆಗಳನ್ನು ಯುವಮಿತ್ರರೊಬ್ಬರು ಚಿತ್ರೀಕರಿಸಿದ್ದರು. ಸಂಜೆಯೊಳಗೆ ಮನವಿಯೊಂದಿಗೆ ಡಿ.ವಿ.ಡಿ. ಲಗತ್ತಿಸಬೇಕು. ಮೂರು ಡಿ.ವಿ.ಡಿ.ಗಳು ಕೆಟ್ಟವು. ನಾಲ್ಕನೆಯದನ್ನು ತೆರೆಯುವ ಮೊದಲೇ ಅಂಗಡಿಯವರ ತೀರ್ಪು ಹೊರಬಿತ್ತು: “ಡ್ರೈವ್ ಹೋಗೇತ್ರಿ, ಹೊಸಾದು ತರಬೇಕು.” ಮಿತ್ರರು ಜೇಬಿಗೆ ಕೈ ಹಾಕಿಯೂ ಆಗಿತ್ತು. ಈ ಲೇಖನ ಆ ಒಂದು ವಾಕ್ಯದ ವಿರುದ್ಧ.

ಬಂಧುಗಳೇ, ವಿಚಾರಣೆಯಿಲ್ಲದೆ ಶಿಕ್ಷೆ ವಿಧಿಸುವುದನ್ನು ನಾವು ಅಧಿಕಾರಿಗಳ ಮಟ್ಟಿಗೆ ಒಪ್ಪುವುದಿಲ್ಲ. ಯಂತ್ರದ ಮಟ್ಟಿಗೆ ಮಾತ್ರ ಏಕೆ ಒಪ್ಪುತ್ತೇವೆ? ಬರೆಯುವ ಕೆಲಸದಲ್ಲಿ ಡ್ರೈವ್ ಒಂದೇ ಇರುವುದಿಲ್ಲ. ಬಿಲ್ಲೆಯ ಗುಣಮಟ್ಟ, ಆಯ್ದ ವೇಗ, ಲೆನ್ಸಿನ ಮೇಲಿನ ಧೂಳು, ವಿದ್ಯುತ್ ಪೂರೈಕೆ ಎಲ್ಲವೂ ಅದರಲ್ಲಿ ಪಾಲುದಾರರು. ಇವುಗಳಲ್ಲಿ ಅತ್ಯಂತ ದುಬಾರಿಯಾದುದನ್ನೇ ಮೊದಲು ಅಪರಾಧಿಯೆಂದು ಸಾರುವುದು ಮಾರುಕಟ್ಟೆ ನಮಗೆ ಕಲಿಸಿದ ಪಾಠ.

ಮೊದಲು ಕೇಳಬೇಕಾದ ಪ್ರಶ್ನೆ: ಕೆಲಸ ಎಲ್ಲಿ ನಿಂತಿತು? ಬರವಣಿಗೆ ಆರಂಭಿಸುವ ಮುನ್ನ ಡ್ರೈವ್ ಬಿಲ್ಲೆಯ ಒಳಅಂಚಿನಲ್ಲಿ ತನ್ನ ಲೇಸರ್ ಕಿರಣದ ಶಕ್ತಿಯನ್ನು ಪರೀಕ್ಷಿಸಿ ನೋಡುತ್ತದೆ. ಆ ಬಿಲ್ಲೆಯ ಬಣ್ಣದ ಪದರಕ್ಕೆ ಎಷ್ಟು ಶಾಖ ಬೇಕೆಂದು ಅಲ್ಲಿ ಅದಕ್ಕೆ ತಿಳಿಯುತ್ತದೆ. ಆರಂಭದಲ್ಲೇ ‘ಪವರ್ ಕ್ಯಾಲಿಬ್ರೇಶನ್’ ದೋಷ ಬಂದರೆ ಆ ಪರೀಕ್ಷೆ ವಿಫಲವಾಯಿತೆಂದು ಅರ್ಥ. ಬಿಲ್ಲೆ ಹೊಂದದಿರಬಹುದು, ಲೆನ್ಸ್ ಮಸುಕಾಗಿರಬಹುದು, ವಿದ್ಯುತ್ ಸಾಲದಿರಬಹುದು, ಲೇಸರ್ ಸೊರಗಿರಲೂಬಹುದು. ಬರವಣಿಗೆ ಒಳಗಿನಿಂದ ಹೊರಗೆ ಸಾಗುವುದರಿಂದ, ತೊಂಬತ್ತರಷ್ಟು ಮುಗಿದ ಮೇಲೆ ಕೆಟ್ಟರೆ ಸಂಶಯ ಹೊರಅಂಚಿನ ಮೇಲೆ. ಅಗ್ಗದ ಬಿಲ್ಲೆಗಳ ಬಣ್ಣದ ಪದರ ಅಲ್ಲಿಯೇ ಹೆಚ್ಚಾಗಿ ಏರುಪೇರಾಗಿರುತ್ತದೆ, ವೇಗವೂ ಅಲ್ಲಿಯೇ ಹೆಚ್ಚು.

ಎರಡನೆಯ ನಿಯಮ: ಒಮ್ಮೆಗೆ ಒಂದನ್ನೇ ಬದಲಿಸಿರಿ. ನಮ್ಮ ಅಂಗಡಿಯ ಡ್ರೈವ್ ಯು.ಎಸ್.ಬಿ.ಯಿಂದಲೇ ವಿದ್ಯುತ್ ಪಡೆಯುವ ತೆಳು ಪೆಟ್ಟಿಗೆ. ಅದನ್ನು ಕೀಲಿಮಣೆ, ಮೌಸ್, ಪೆನ್ ಡ್ರೈವ್‌ಗಳೊಂದಿಗೆ ಒಂದೇ ಹಬ್‌ಗೆ ಸಿಕ್ಕಿಸಿದ್ದರು. ಯು.ಎಸ್.ಬಿ. 2.0ರ ಒಂದು ಪೋರ್ಟ್ ಕೊಡಬೇಕಾದದ್ದು 500 ಮಿಲಿ ಆಂಪಿಯರ್. ಬರೆಯುವ ಡ್ರೈವಿಗೆ ಅದೇ ಸಾಲದೆ ಬರುವುದುಂಟು, ಇಲ್ಲಿ ಅದರಲ್ಲೂ ನಾಲ್ವರು ಪಾಲುಗಾರರು. ನೇರವಾಗಿ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸಿದೆವು. ಆರಂಭದ ದೋಷ ಮಾಯವಾಯಿತು, ಆದರೆ ಕೊನೆಯಲ್ಲಿ ನಿಂತಿತು. ವೇಗವನ್ನು ಗರಿಷ್ಠದಿಂದ ಅರ್ಧಕ್ಕೆ ಇಳಿಸಿದೆವು. ಬರೆದು ಮುಗಿಸಿತು, ಪರಿಶೀಲನೆಯಲ್ಲಿ ಸೋತಿತು. ಹೆಸರಿಲ್ಲದ ಕಟ್ಟಿನ ಬಿಲ್ಲೆ ಬಿಟ್ಟು ಬೇರೆ ತಯಾರಕರದನ್ನು ಹಾಕಿದೆವು. ಬರೆಯಿತು, ಪರಿಶೀಲನೆಯಲ್ಲೂ ಗೆದ್ದಿತು. ಡ್ರೈವ್ ಅದೇ ಹಳೆಯದು. ಈ ಪ್ರಯೋಗದಲ್ಲಿ ಇನ್ನೆರಡು ಬಿಲ್ಲೆಗಳು ಜೋಳದ ಹೊಲದ ಪಾಲಾದವೆಂಬುದನ್ನೂ ಮುಚ್ಚಿಡುವುದಿಲ್ಲ. (ವೇಗ ತೀರಾ ತಗ್ಗಿಸಿದರೆ ಇನ್ನೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ವೇಗದ ಬರವಣಿಗೆಗೆಂದು ತಯಾರಾದ ಬಿಲ್ಲೆಗೆ ಅತಿ ನಿಧಾನವೂ ಒಗ್ಗುವುದಿಲ್ಲ.)

ವಡಗೇರಾದ ಶತ್ರು ಎರೆಮಣ್ಣಿನ ಧೂಳು. ಗುಡ್ಡದ ಊರುಗಳಲ್ಲಿ ತೇವ. ಲೆನ್ಸಿಗೆ ಕೈಬ್ಲೋವರಿನ ಗಾಳಿ ಸಾಕು, ಬಟ್ಟೆಯಿಂದ ಉಜ್ಜಬೇಡಿ. ಬಿಲ್ಲೆಗಳನ್ನು ಬಿಸಿಲು ಬೀಳುವ ಕಿಟಕಿಯಲ್ಲಿಡಬೇಡಿ. ಸಿ.ಡಿ.ಯ ಹೆಸರು ಬರೆಯುವ ಬದಿಗೆ ಬಾಲ್‌ಪೆನ್ ಒತ್ತಬೇಡಿ, ಮಾಹಿತಿಯ ಪದರ ಇರುವುದು ಆ ಬದಿಯ ತೆಳು ಲೇಪದ ಕೆಳಗೇ.

ಈ ಕಾಲದಲ್ಲಿ ಡಿಸ್ಕಿನ ಗೊಡವೆ ಯಾರಿಗೆ ಬೇಕು, ಪೆನ್ ಡ್ರೈವ್ ಸಾಲದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹಾಡು, ಚಿತ್ರ ಸಾಗಿಸಲು ಸಾಕು, ಅದಕ್ಕೆ ಡಿಸ್ಕ್ ಹಾಳು ಮಾಡುವುದೇ ತಪ್ಪು. ಆದರೆ ಒಮ್ಮೆ ಬರೆದು ಮುಚ್ಚಿದ ಡಿಸ್ಕಿನಲ್ಲಿ ಇರುವುದನ್ನು ಅಳಿಸಿ ಬೇರೆಯದನ್ನು ತುಂಬಲಾಗದು. ಪೆನ್ ಡ್ರೈವ್‌ಗೆ ಆ ಮರ್ಯಾದೆ ಇಲ್ಲ. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯು ಸಾರ್ವಜನಿಕ ವಿಚಾರಣೆಯನ್ನು ಪೂರ್ತಿಯಾಗಿ ಚಿತ್ರೀಕರಿಸಿ, ಅದರ ವಿಡಿಯೊ ಟೇಪ್ ಅಥವಾ ಸಿ.ಡಿ.ಯನ್ನು ವರದಿಯೊಂದಿಗೆ ಕಳುಹಿಸಬೇಕೆಂದು ಹೇಳಿತು. ಯೋಜನೆಯ ವಿರುದ್ಧ ನಮ್ಮ ಹಿರಿಯರು ಎದ್ದು ನಿಂತು ಆಡಿದ ಮಾತುಗಳು ಅಂಥ ಬಿಲ್ಲೆಗಳಲ್ಲಿವೆ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದ ಮುಂದಿಡಲು ಬೇಕಾದ ಪ್ರಮಾಣಪತ್ರದ ನಮೂನೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿದೆ, ಅದರಲ್ಲಿಯೂ ಸಿ.ಡಿ., ಡಿ.ವಿ.ಡಿ.ಗಳ ಹೆಸರಿದೆ.

ಹಾಗಾದರೆ ಡ್ರೈವ್ ಸಾಯುವುದೇ ಇಲ್ಲವೇ? ಸಾಯುತ್ತದೆ. ಲೆನ್ಸ್ ಶುಚಿಯಾಗಿದೆ, ವಿದ್ಯುತ್ ಸರಿಯಿದೆ, ಬೇರೆ ಕಂಪ್ಯೂಟರಿಗೂ ಸಿಕ್ಕಿಸಿ ನೋಡಿದ್ದೀರಿ, ಬೇರೆಡೆ ಸರಿಯಾಗಿ ಬರೆಯಲ್ಪಟ್ಟ ಎರಡು ಮೂರು ತಯಾರಕರ ಬಿಲ್ಲೆಗಳೂ ಇದರಲ್ಲಿ ಕೆಡುತ್ತಿವೆ ಎಂದಾದರೆ ಲೇಸರ್ ಸೊರಗಿದೆ ಎನ್ನಿರಿ. ಬದಲಿಸುವ ನಿರ್ಧಾರ ಆಗ ನ್ಯಾಯವಾದುದು. ಆದರೆ ಹಳೆಯದನ್ನು ಗುಜರಿಯ ತಕ್ಕಡಿಗೆ ಹಾಕುವ ಮುನ್ನ ನಿಲ್ಲಿ. ಬರೆಯಲು ಬೇಕಾದ ಲೇಸರ್ ಶಕ್ತಿ ಓದಲು ಬೇಕಾದುದಕ್ಕಿಂತ ಹತ್ತಾರು ಪಟ್ಟು ಹೆಚ್ಚು, ಆದ್ದರಿಂದ ಬರೆಯಲಾರದ ಡ್ರೈವ್ ವರ್ಷಗಟ್ಟಲೆ ಓದಬಲ್ಲದು. ಸಿ.ಡಿ.ಗೆ 780 ನ್ಯಾನೊಮೀಟರ್, ಡಿ.ವಿ.ಡಿ.ಗೆ 650 ನ್ಯಾನೊಮೀಟರ್ ತರಂಗಾಂತರದ ಬೇರೆ ಬೇರೆ ಲೇಸರ್‌ಗಳಿರುವುದರಿಂದ ಒಂದು ಸತ್ತರೂ ಇನ್ನೊಂದು ದುಡಿಯುತ್ತಿರಬಹುದು.

ಹೊಸದು ಎಂದೂ ಸಿಗುತ್ತದೆಂಬ ಭರವಸೆಯೂ ಬೇಡ. ಉತ್ತಮ ಬಿಲ್ಲೆಗಳಿಗೆ ಹೆಸರಾಗಿದ್ದ ಜಪಾನಿನ ತೈಯೊ ಯುಡೆನ್ 2015ರಲ್ಲಿ ಆ ವ್ಯವಹಾರದಿಂದ ಹಿಂದೆ ಸರಿಯಿತು. ಸೋನಿ ಕಂಪನಿ ಬರೆಯಬಲ್ಲ ಬ್ಲೂ-ರೇ ಬಿಲ್ಲೆಗಳ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಇತ್ತ ನಮ್ಮ ಗುಜರಿಯವರು ಇಂಥ ಪೆಟ್ಟಿಗೆಗಳನ್ನು ಒಡೆದು ತಂತಿ ಸುಟ್ಟು ತಾಮ್ರ ತೆಗೆಯುತ್ತಾರೆ, ಬೆಸುಗೆಯ ಸೀಸ ಮಣ್ಣಿಗೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಇದರ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಮಾರಿದ ಅಂಗಡಿಯವರನ್ನೇ ಕೇಳಿರಿ: ಹಳೆಯದನ್ನು ಯಾರು ಒಯ್ಯುತ್ತಾರೆ, ಎಲ್ಲಿಗೆ? ಉತ್ತರ ಬಾರದಿದ್ದರೆ ಲಿಖಿತವಾಗಿ ಕೇಳಿರಿ.

ವಡಗೇರಾದ ಆ ಅಂಗಡಿಯ ಮೂಲೆಯಲ್ಲಿ ‘ಸತ್ತ’ ಡ್ರೈವ್ ಇನ್ನೊಂದಿತ್ತು. ಎಂಥ ಬಿಲ್ಲೆ ಕೊಟ್ಟರೂ ಬರೆಯಲಿಲ್ಲ, ಆ ಮಟ್ಟಿಗೆ ಅಂಗಡಿಯವರ ಮಾತು ನಿಜ. ಅದನ್ನು ಕೇಳಿ ಪಡೆದೆವು. 2009ರ ಅಕ್ಟೋಬರ್ ನೆರೆಯಲ್ಲಿ ನೀರು ಹೊಕ್ಕ ಹಳ್ಳಿಗಳ ಚಿತ್ರಗಳಿರುವ ಸಿ.ಡಿ.ಗಳ ಡಬ್ಬಿಯೊಂದು ಮಿತ್ರರ ಮನೆಯ ಅಟ್ಟದಲ್ಲಿದೆ. ಹನ್ನೊಂದು ಬಿಲ್ಲೆಗಳನ್ನು ಈವರೆಗೆ ಓದಿದೆ. ಎರಡನ್ನು ಓದಲಾರದೆ ಬಿಟ್ಟಿದೆ; ಅವುಗಳ ಮೇಲೆ ಹಳ್ಳಿಯ ಹೆಸರನ್ನು ಬಾಲ್‌ಪೆನ್ನಿನಿಂದ ಒತ್ತಿ ಬರೆಯಲಾಗಿತ್ತು.