ಎಮಿಲ್ ಬರೆದವನ ಐವರು ಮಕ್ಕಳು



ಮಕ್ಕಳನ್ನು ಬೆಳೆಸುವುದು ಹೇಗೆಂದು ಹೇಳುವ ಪುಸ್ತಕಗಳನ್ನು ನೀವೂ ಓದಿರುತ್ತೀರಿ. ಯುರೋಪಿನಲ್ಲಿ ಅಂಥ ಪುಸ್ತಕಗಳ ಪೈಕಿ ಬಹಳ ಹೆಸರು ಮಾಡಿದ್ದು 1762ರಲ್ಲಿ ಪ್ರಕಟವಾದ 'ಎಮಿಲ್'. ಬರೆದವನು ಜಿನೀವಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬಾಳಿದ ರೂಸೋ. ಉಳ್ಳವರು ಹಸುಗೂಸುಗಳನ್ನು ಹಳ್ಳಿಯ ದಾದಿಯರ ಮನೆಗೆ ಕಳುಹಿಸಿಬಿಡುತ್ತಿದ್ದ ಕಾಲವದು. ತಾಯಿಯೇ ಹಾಲುಣಿಸಬೇಕು, ಮಗುವನ್ನು ಬಟ್ಟೆಯಲ್ಲಿ ಬಿಗಿದು ಕಟ್ಟಬಾರದು ಎಂದು ಆತ ವಾದಿಸಿದ. ಎಷ್ಟೋ ತಾಯಂದಿರು ಅವನ ಮಾತು ಕೇಳಿದರು. ಪೂರ್ಣ ಎರಡು ವರ್ಷ ಹಾಲುಣಿಸುವ ಬಗ್ಗೆ ಕುರ್‌ಆನಿನಲ್ಲಿ ಓದಿದ ನಮಗೆ ಇದು ಹೊಸತಲ್ಲ, ಬಿಡಿ.

ಆದರೆ ರೂಸೋನ ಸ್ವಂತ ಮಕ್ಕಳು? ಜೊತೆಗಿದ್ದ ತೆರೇಸ್ ಎಂಬ ಬಡ ಹೆಣ್ಣುಮಗಳು ಐದು ಹೆತ್ತಳು. ಐದನ್ನೂ ಆತ ಪ್ಯಾರಿಸಿನ ಅನಾಥಾಲಯಕ್ಕೆ ಒಪ್ಪಿಸಿದ. ಅಲ್ಲಿಗೆ ಸೇರಿದ ಕೂಸುಗಳಲ್ಲಿ ಹೆಚ್ಚಿನವು ಬದುಕುತ್ತಿರಲಿಲ್ಲ. ತೆರೇಸ್ ಅಳುತ್ತಲೇ ಒಪ್ಪಿದಳೆಂದು ಅವನೇ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮೊದಲ ಮಗುವಿನ ಬಟ್ಟೆಯಲ್ಲಿ ಗುರುತಿನ ಚೀಟಿ ಇಡಿಸಿದ್ದನಂತೆ, ಉಳಿದವಕ್ಕೆ ಅದೂ ಇಲ್ಲ. 1761ರಲ್ಲಿ ಹಿತೈಷಿಯೊಬ್ಬರು ಹುಡುಕಿಸಿದರೂ ಮಗು ಸಿಗಲಿಲ್ಲ. ಬಡತನವಿತ್ತು, ಬರವಣಿಗೆಗೆ ಅಡ್ಡಿಯಾಗುತ್ತಿತ್ತು ಎಂದೆಲ್ಲ ಕಾರಣ ಕೊಟ್ಟ. ವಿಚಿತ್ರವೆಂದರೆ, ಬಡತನವೂ ಕೆಲಸವೂ ತಂದೆಗೆ ನೆಪವಾಗಬಾರದೆಂದು 'ಎಮಿಲ್'ನಲ್ಲಿ ಬರೆದವನೂ ಅವನೇ!

ಈ ಗುಟ್ಟನ್ನು ಬಯಲು ಮಾಡಿದವನು ಅದೇ ಕಾಲದ ಇನ್ನೊಬ್ಬ ದೊಡ್ಡ ಲೇಖಕ ವಾಲ್ಟೇರ್. 1764ರಲ್ಲಿ, ಹೆಸರು ಹಾಕದ ಕರಪತ್ರದಲ್ಲಿ. ರೂಸೋ ಅದನ್ನು ಒಬ್ಬ ಪಾದ್ರಿಯ ಕೆಲಸವೆಂದು ಶಂಕಿಸಿದ. ತಪ್ಪು ಮಾಡದವನ ಮೇಲೆ ಅಪವಾದ ಬಂತು. ಹೇಳಿದ ಮುಖ್ಯ ಸಂಗತಿ ನಿಜವಾಗಿದ್ದರೂ ಆಡಿದ್ದು ಮಕ್ಕಳ ಮೇಲಿನ ಕನಿಕರದಿಂದಲ್ಲ, ಎದುರಾಳಿಯ ಮಾನ ಕಳೆಯಲು. ನಮ್ಮಲ್ಲಿ ಗೀಬತ್ ಎನ್ನುವುದು ಇದನ್ನೇ ಅಲ್ಲವೇ?

ವಾಲ್ಟೇರ್ ಬಗ್ಗೆ ನನಗೆ ಇನ್ನೊಂದು ನೋವೂ ಇದೆ. 1741ರಲ್ಲಿ ರಂಗಕ್ಕೆ ಬಂದ ನಾಟಕದಲ್ಲಿ ಪ್ರವಾದಿವರ್ಯರ(ಸ) ಕುರಿತು ಇಲ್ಲದ್ದನ್ನು ಕಟ್ಟಿದವನು ಅವನು. ಅದನ್ನು ಮರೆಯಲಾರೆ. ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು: ಸ್ವಂತ ಮಕ್ಕಳಿಲ್ಲದ ಈತ 1760ರ ಕೊನೆಯಲ್ಲಿ ಮರೀ ಕಾರ್ನೇಯ್ ಎಂಬ ಬಡ ಹುಡುಗಿಯನ್ನು ಮನೆಗೆ ಕರೆತಂದು ಓದಿಸಿದ. ಅವಳು ಹಳೆಯ ನಾಟಕಕಾರ ಕಾರ್ನೇಯ್‌ನ ಬಂಧುಗಳ ಪೈಕಿ. ಆ ನಾಟಕಗಳಿಗೇ ವಿವರಣೆ ಬರೆದು, ಮಾರಾಟದ ಹಣ ಅವಳಿಗೆ ಸಿಗುವಂತೆ ಮಾಡಿದ. 1763ರಲ್ಲಿ ಮದುವೆಯನ್ನೂ ಮಾಡಿಸಿದ.

ಇಬ್ಬರೂ ತೀರಿಕೊಂಡದ್ದು 1778ರಲ್ಲಿ, ಒಂದೆರಡು ತಿಂಗಳ ಅಂತರದಲ್ಲಿ. ಪ್ಯಾರಿಸಿನ ಪ್ಯಾಂಥಿಯಾನ್‌ನಲ್ಲಿ ಇಬ್ಬರ ಸಮಾಧಿಗಳೂ ಎದುರುಬದುರಾಗಿವೆ. ತೆರೇಸ್ 1801ರವರೆಗೆ ಬದುಕಿದ್ದಳು.